ಮೈಗಳ್ಳರು ಮೊದಲು ಬರಲಿಲ್ಲ

ಗ್ರೂಪ್ ಪ್ರಾಜೆಕ್ಟ್ ಎಂದರೆ ನಿಮ್ಮಲ್ಲಿ ಎಷ್ಟೋ ಜನ ಮುಖ ಸಿಂಡರಿಸುತ್ತೀರಿ. "ಆಂಟಿ, ಕೆಲಸವೆಲ್ಲ ನಂದು, ಮಾರ್ಕ್ಸ್ ಮಾತ್ರ ಎಲ್ಲರಿಗೂ" ಅನ್ನೋ ದೂರು ನಮ್ಮ ಕನ್ನಡ ಕ್ಲಾಸಿನಲ್ಲೇ ಕೇಳಿದ್ದೇನೆ. ಸಂಬಳವನ್ನೂ ಹಾಗೇ ಹಂಚಿದರೆ ಜನ ದುಡಿಯುತ್ತಾರೆಯೇ?

ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಕೊರೆಟ್ ಎಂಬ ಗಾರ್ಮೆಂಟ್ ಫ್ಯಾಕ್ಟರಿ ಇತ್ತು. ಹೊಲಿಯುವವರಿಗೆ ಪೀಸ್ ರೇಟ್, ಅಂದರೆ ಹೊಲಿದಷ್ಟಕ್ಕೆ ದುಡ್ಡು. 1995ರಿಂದ 1997ರ ನಡುವೆ ಅವರನ್ನು ಆರೇಳು ಜನರ ತಂಡಗಳಾಗಿ ಕೂರಿಸಿದರು. ಕೂಲಿ ಇಡೀ ತಂಡ ಮುಗಿಸಿದ ಬಟ್ಟೆಗೆ, ಪಾಲು ಎಲ್ಲರಿಗೂ ಸಮ. ಹ್ಯಾಮಿಲ್ಟನ್, ನಿಕರ್ಸನ್, ಓವನ್ ಎಂಬ ಮೂವರು ಸಂಶೋಧಕರು ಅಲ್ಲಿನ ಲೆಕ್ಕಗಳನ್ನು ಜಾಲಾಡಿ 2003ರಲ್ಲಿ ಬರೆದರು: ಉತ್ಪಾದಕತೆ ಸರಾಸರಿ ಶೇಕಡಾ 14ರಷ್ಟು ಏರಿತ್ತು.

ನನಗೆ ಹಿಡಿಸಿದ್ದು ಆ 14 ಅಲ್ಲ. ಶುರುವಿನಲ್ಲಿ ತಂಡ ಸೇರುವುದು ಅವರವರ ಇಷ್ಟವಾಗಿತ್ತು. ಮೈಗಳ್ಳರೇ ಮೊದಲು ಓಡಿಬರಬೇಕಿತ್ತಲ್ಲವೇ? ಬಂದವರು ಹೆಚ್ಚಾಗಿ ಚುರುಕು ಕೈಯವರು! ಅವರಲ್ಲಿ ಹಲವರ ಸಂಪಾದನೆ ಕಡಿಮೆಯೇ ಆಯಿತು, ಆದರೂ ಬಂದರು. ದುಡ್ಡಿಗಿಂತ ಬೇರೆ ಏನೋ ಸಿಕ್ಕಿರಬೇಕು. ಇನ್ನೊಂದು ವಿಷಯ: ನುರಿತವರೂ ನಿಧಾನದವರೂ ಬೆರೆತ ತಂಡಗಳು, ಒಂದೇ ಮಟ್ಟದವರ ತಂಡಗಳಿಗಿಂತ ಮುಂದಿದ್ದವು. ಪೀಸ್ ರೇಟಿನಲ್ಲಿ ಪಕ್ಕದವರಿಗೆ ಕಲಿಸುತ್ತ ಕೂತರೆ ನಮ್ಮ ದುಡ್ಡೇ ಖೋತಾ. ತಂಡದಲ್ಲಿ ಅವರು ಕಲಿತಷ್ಟೂ ನಮಗೂ ಲಾಭ.

ನಮ್ಮೂರ ಕಡೆ ಮುಯ್ಯಾಳು ಅಂತ ಒಂದು ಪದ ಇದೆ. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. (ಅಜ್ಜಿಗೆ ಫೋನ್ ಮಾಡಿದಾಗ ಕೇಳಿ, ಖುಷಿಪಡುತ್ತಾರೆ.) ಅಲ್ಲಿ ಸುಮ್ಮನೆ ಕೂತವನು ಎಲ್ಲರ ಕಣ್ಣಿಗೂ ಬೀಳುತ್ತಾನೆ.

ಹಾಗಾದರೆ ಗುಂಪು ದೊಡ್ಡದಾದರೆ? 1995ರಲ್ಲಿ ಕಾಂಟಿನೆಂಟಲ್ ಏರ್‌ಲೈನ್ಸ್ ತನ್ನ ಸುಮಾರು 35,000 ನೌಕರರಿಗೆ ಹೇಳಿತು: ವಿಮಾನಗಳು ಹೊತ್ತಿಗೆ ಸರಿಯಾಗಿ ಬರುವುದರಲ್ಲಿ ನಾವು ದೇಶದ ಮೊದಲ ಐದರೊಳಗೆ ಬಂದ ತಿಂಗಳು ತಲಾ 65 ಡಾಲರ್. ಇಷ್ಟು ಜನರಲ್ಲಿ ಒಬ್ಬರು ಕೈಕಟ್ಟಿ ಕೂತರೆ ಯಾರಿಗೆ ಗೊತ್ತಾಗುತ್ತೆ ಅನ್ನಬಹುದು. ಆದರೂ ವಿಮಾನಗಳ ಹೊತ್ತು ಸುಧಾರಿಸಿತು. ಒಂದೊಂದು ವಿಮಾನ ನಿಲ್ದಾಣದಲ್ಲೂ ದುಡಿಯುವುದು ಸಣ್ಣ ಗುಂಪೇ ತಾನೇ? ತಡ ಮಾಡಿದ್ದು ಯಾರೆಂದು ಅಲ್ಲಿದ್ದವರಿಗೆ ಗೊತ್ತು.

ಎಲ್ಲ ಕಡೆಯೂ ಹೀಗೇ ಆಗುತ್ತದೆ ಎನ್ನಲಾರೆ. ಕೊರೆಟ್‌ನಲ್ಲೇ ಮೊದಲ ತಂಡಗಳಿಗೆ ಸಿಕ್ಕಷ್ಟು ಲಾಭ ಆಮೇಲಿನವಕ್ಕೆ ಸಿಗಲಿಲ್ಲ. ನಾಳೆ ನಿಮ್ಮ ಮೊದಲ ಕೆಲಸದಲ್ಲಿ "ಟೀಮ್ ಬೋನಸ್ ಇದೆ" ಅಂದರೆ, ಎಷ್ಟು ಎಂದು ಕೇಳುವ ಮೊದಲು ತಂಡದಲ್ಲಿ ಎಷ್ಟು ಜನ, ಯಾರು ಏನು ಮಾಡುತ್ತಾರೆಂದು ನನಗೆ ಕಾಣುತ್ತದೆಯೇ ಎಂದು ಕೇಳಿ.