ಪಿಂಚಣಿ ನಡೆದು ಬರಬೇಕೋ, ಅಜ್ಜಿ ನಡೆದು ಹೋಗಬೇಕೋ?

ಓಬಳಾಪುರ ಅಂದ ಕೂಡಲೇ ನಿಮಗೆ ಗಣಿ ನೆನಪಾಗುತ್ತೆ. ಇವತ್ತು ಗಣಿ ಮಾತು ಬೇಡ, ಪಿಂಚಣಿ ಮಾತಾಡೋಣ. ಬಳ್ಳಾರಿ ಗಡಿ ದಾಟಿದರೆ ಸಿಗೋ, ಆಂಧ್ರದ ಅನಂತಪುರ ಜಿಲ್ಲೆಯ ಊರು ಇದು. ಮನೆಯೊಳಗೆ ಕನ್ನಡ, ಸರ್ಕಾರಿ ಕಾಗದ ತೆಲುಗು.

2016ರ ನವೆಂಬರ್ 8 ನೆನಪಿದೆಯಲ್ಲ? 500, 1000ದ ನೋಟು ರದ್ದಾದ ರಾತ್ರಿ. ಆ ತಿಂಗಳು ಮುಗಿಯೋದರೊಳಗೆ, ದೇಶದಲ್ಲಿ ಡಿಜಿಟಲ್ ಪಾವತಿ ಹೆಚ್ಚಿಸೋಕೆ ಅಂತ ಕೇಂದ್ರ ಮುಖ್ಯಮಂತ್ರಿಗಳ ಸಮಿತಿ ಮಾಡಿತು. ಅದರ ಮುಂದಾಳು ಆಂಧ್ರದ ಚಂದ್ರಬಾಬು ನಾಯ್ಡು.

ಅದೇ ನಾಯ್ಡು 2024ರ ಜುಲೈ 1ರ ಬೆಳಿಗ್ಗೆ ಪೆನುಮಾಕ ಅನ್ನೋ ಹಳ್ಳಿಗೆ ಹೋಗಿ, ಮನೆ ಬಾಗಿಲಲ್ಲಿ ಪಿಂಚಣಿ ಕೊಟ್ಟರು. ಹೇಗೆ ಕೊಟ್ಟರು? ನೋಟಿನಲ್ಲಿ! 4000 ಪಿಂಚಣಿ, ಹಿಂದಿನ ಮೂರು ತಿಂಗಳ ಹೆಚ್ಚಳದ ಬಾಕಿ ಸೇರಿ 7000.

ನಗಬೇಡಿ. ಅದಕ್ಕೂ ಎರಡು ತಿಂಗಳ ಹಿಂದೆ ಏನಾಗಿತ್ತು ಕೇಳಿ.

ಆಂಧ್ರದಲ್ಲಿ 2020ರಿಂದ ಒಂದನೇ ತಾರೀಕು ಸರ್ಕಾರದ ಗ್ರಾಮ ವಾಲಂಟೀರು ಮನೆಗೇ ಬಂದು ದುಡ್ಡು ಕೊಡ್ತಿದ್ದ. 2024ರ ಚುನಾವಣೆ ಬಂತು, ವಾಲಂಟೀರುಗಳು ದುಡ್ಡು ಹಂಚಬಾರದು ಅಂತ ಚುನಾವಣಾ ಆಯೋಗ ತಡೆಯಿತು. ಏಪ್ರಿಲ್‌ನಲ್ಲಿ ಗ್ರಾಮ ಸಚಿವಾಲಯಕ್ಕೆ, ಅಂದ್ರೆ ಊರಿನ ಸರ್ಕಾರಿ ಕಚೇರಿಗೆ, ಬನ್ನಿ ಅಂದರು. ಮೇ ತಿಂಗಳಲ್ಲಿ, ಹಾಸಿಗೆ ಹಿಡಿದವರಂಥವರನ್ನು ಬಿಟ್ಟು ಹೆಚ್ಚಿನವರಿಗೆಲ್ಲ 3000 ರೂಪಾಯಿ ಸೀದಾ ಬ್ಯಾಂಕ್ ಖಾತೆಗೆ. ಕಾಗದದ ಮೇಲೆ ಎಷ್ಟು ಚೊಕ್ಕ ನೋಡಿ! ಮಧ್ಯದಲ್ಲಿ ಯಾರ ಕೈಯೂ ಇಲ್ಲ.

ಆದ್ರೆ ಅದು ಮೇ ತಿಂಗಳು. ಸುಡುಬಿಸಿಲಲ್ಲಿ ರಾಜ್ಯದುದ್ದಕ್ಕೂ ಮುದುಕರು ಬ್ಯಾಂಕ್ ಮುಂದೆ ಸಾಲು ನಿಂತರು. ಕೆಲವರ ಖಾತೆ ವರ್ಷಗಳಿಂದ ಮುಟ್ಟದೆ ನಿಂತೇ ಹೋಗಿತ್ತು. ಕೆಲವರಿಗೆ ಯಾವ ಬ್ಯಾಂಕಿನ ಖಾತೆಗೆ ಬಿದ್ದಿದೆ ಅನ್ನೋದೇ ತಿಳೀಲಿಲ್ಲ. ಆಧಾರ್ ಯಾವುದಕ್ಕೆ ಜೋಡಿಸಿದೆಯೋ ಅಲ್ಲಿಗೆ ಹೋಗಿರುತ್ತೆ, ಪಾಸ್‌ಬುಕ್ ಕೈಯಲ್ಲಿರೋದು ಇನ್ನೊಂದರದ್ದು. ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ಬ್ಯಾಂಕು ಮುರಿದುಕೊಂಡದ್ದು ಬೇರೆ.

ಫೋನ್ ಪೇ ಮಾಡಿದರೆ ಆಯ್ತಲ್ಲ ಅಂತೀರಾ? ಅಜ್ಜಿಗೆ ಇರೋದು ಮಗನ ಫೋನು, ಮಗ ಇರೋದು ಬೆಂಗಳೂರಲ್ಲಿ. ಸೆರಗಿನ ತುದಿಗೆ ಗಂಟು ಹಾಕಿದ ದುಡ್ಡು ಅವಳದು. ಮಗನ ಫೋನಿನಲ್ಲಿರೋದು ಮನೆಯದು. ಈ ವ್ಯತ್ಯಾಸ ಯಾವ ಸಮಿತಿಯ ವರದಿಯಲ್ಲೂ ಬರೋದು ಕಷ್ಟ.

ಹಾಗಂತ ನಾನು ಮೆಷಿನ್ನಿನ ವಿರೋಧಿ ಅಲ್ಲ. ಮನೆ ಬಾಗಿಲಿನ ಪಿಂಚಣಿಗೂ ಹೆಬ್ಬೆಟ್ಟು ಒತ್ತಲೇಬೇಕು. ಕಳೆ ಕಿತ್ತು, ಕಡಲೇಕಾಯಿ ಬಿಡಿಸಿ ಸವೆದ ಬೆರಳಿನ ಗೆರೆ ಮೆಷಿನ್ನಿಗೆ ಕಾಣೋದಿಲ್ಲ. ಒರೆಸು, ಒತ್ತು, ಮತ್ತೆ ಒರೆಸು. ಬರಲೇ ಇಲ್ಲ ಅಂದ್ರೆ? ಎದುರಿಗೆ ಕೂತವನಿಗೆ ಅವ್ವನ ಮುಖ ಗೊತ್ತು, ಬೇರೆ ದಾರಿ ನೋಡ್ತಾನೆ. ಬ್ಯಾಂಕಿನ ಕೌಂಟರಲ್ಲಿ 'ನಾಳೆ ಬಾ' ಅಂದ್ರೆ ಇನ್ನೊಂದು ದಿನದ ಬಸ್ ಚಾರ್ಜು.

ಕೂಲಿಯೂ ಅದೇ ಆಧಾರ್ ದಾರಿ ಹಿಡಿಯಿತು. 2006ರ ಫೆಬ್ರವರಿ 2ರಂದು ಉದ್ಯೋಗ ಖಾತ್ರಿ ಶುರುವಾದದ್ದು ಇದೇ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ. 2024ರ ಜನವರಿ 1ರಿಂದ ಆ ಕೂಲಿಗೆ ಆಧಾರ್ ಮೂಲಕದ ಪಾವತಿ ಕಡ್ಡಾಯವಾಯಿತು.

ನೋಟು ಬೇಕು ಅನ್ನೋದು ಬರೀ ಹಳ್ಳಿಯವರ ಹಟ ಅಲ್ಲ. ದೂರದ ನಾರ್ವೆಯಲ್ಲಿ ಬಹುಪಾಲು ಜನ ಕಾರ್ಡಲ್ಲೇ ವ್ಯವಹಾರ ಮಾಡ್ತಾರೆ. ಅಲ್ಲೂ 2024ರ ಅಕ್ಟೋಬರ್‌ನಿಂದ, ಗಿರಾಕಿ ನೋಟು ಕೊಟ್ಟರೆ ಅಂಗಡಿಯವರು ಬೇಡ ಅನ್ನಬಾರದು ಅಂತ ಕಾನೂನು ಬಿಗಿ ಮಾಡಿದರು.

ಆಂಧ್ರದಲ್ಲಿ ಈಗ ಪಿಂಚಣಿ ಹಿಡಿದು ಗ್ರಾಮ ಸಚಿವಾಲಯದ ಸಿಬ್ಬಂದಿ ಮನೆಗೆ ಬರ್ತಾರೆ. 2024ರ ಸೆಪ್ಟೆಂಬರ್ 1 ಭಾನುವಾರ ಬಿತ್ತು. ದುಡ್ಡು ಆಗಸ್ಟ್ 31ಕ್ಕೇ ಬಾಗಿಲಿಗೆ ಬಂತು.