ಭೂಮಿಯ ಬಿಸಿ ಮತ್ತು ನಮ್ಮ ಮನೆಯ ಹಸಿ ಕಸ

(ವಿಶ್ವ ಪರಿಸರ ದಿನದ ಅಂಗವಾಗಿ ಸಂಘದ ಮಹಿಳಾ ವಿಭಾಗ ಏರ್ಪಡಿಸಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ ಜಾಗತಿಕ ತಾಪಮಾನ ಮತ್ತು ಪರಿಸರ ರಕ್ಷಣೆ. ನಾನು ವಿಜ್ಞಾನಿಯಲ್ಲ. ಮದುವೆಯಾಗಿ ಪುತ್ತೂರಿನ ಕಡೆಯಿಂದ ಬಂದು, ಮೂವತ್ತೆರಡು ವರ್ಷಗಳಿಂದ ಈ ಮುಂಬಯಿಯಲ್ಲಿ ಸಂಸಾರ ನಡೆಸಿಕೊಂಡು ಬಂದವಳು. ಹಾಗಾಗಿ ಹಿಮಕರಡಿಯ ಕಥೆ, ಧ್ರುವ ಪ್ರದೇಶದ ಕಥೆ ಹೇಳುವುದಿಲ್ಲ. ನಮ್ಮ ಊರು, ನಮ್ಮ ಮಳೆ, ನಮ್ಮ ಅಡಿಗೆಮನೆ, ಇಷ್ಟನ್ನೇ ಇಟ್ಟುಕೊಂಡು ನನಗೆ ಅನಿಸಿದ್ದನ್ನು ಹೇಳುತ್ತೇನೆ.

ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ ದಾಖಲೆಗಳು ಶುರುವಾದಾಗಿನಿಂದ 2024 ಅತ್ಯಂತ ಬಿಸಿಯಾದ ವರ್ಷ. ಕಾರ್ಖಾನೆಗಳ ಯುಗಕ್ಕೆ ಮೊದಲು ಇದ್ದುದಕ್ಕಿಂತ ಭೂಮಿಯ ಸರಾಸರಿ ಉಷ್ಣತೆ ಆ ವರ್ಷ ಸುಮಾರು 1.5 ಡಿಗ್ರಿ ಹೆಚ್ಚಾಗಿತ್ತು. "ಒಂದೂವರೆ ಡಿಗ್ರಿ ಅಷ್ಟೇ ತಾನೇ?" ಎಂದು ಕೇಳುವವರಿದ್ದಾರೆ. ಮಗುವಿನ ಮೈ 37 ಡಿಗ್ರಿಯಿಂದ 38.5ಕ್ಕೆ ಏರಿದರೆ ನಾವು ಶಾಲೆಗೆ ಕಳಿಸುತ್ತೇವೆಯೇ? ತಾಯಂದಿರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಾಗಿಲ್ಲ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ನೂರಕ್ಕೆ ಏಳರಷ್ಟು ಹೆಚ್ಚು ತೇವವನ್ನು ಹಿಡಿದಿಟ್ಟುಕೊಳ್ಳಬಲ್ಲದು. ಹಿಡಿದಿಟ್ಟದ್ದನ್ನು ಒಮ್ಮೆಗೇ ಸುರಿದುಬಿಡುತ್ತದೆ. ಹಿಂದೆ ವಾರವಿಡೀ ಹೊಯ್ಯುತ್ತಿದ್ದ ಮಳೆ ಈಗ ಒಂದು ಮಧ್ಯಾಹ್ನದಲ್ಲಿ ಬೀಳುವುದು ಏಕೆ ಎಂಬುದಕ್ಕೆ ಇದೂ ಒಂದು ಕಾರಣ.

26 ಜುಲೈ 2005ನ್ನು ಇಲ್ಲಿ ಕುಳಿತಿರುವ ಯಾರೂ ಮರೆತಿರಲಾರರು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಅದೇ ದಿನ ಕೊಲಾಬಾದಲ್ಲಿ ಸುಮಾರು 73 ಮಿಲಿಮೀಟರ್ ಮಾತ್ರ. ಆ ಒಂದು ದಿನದ ಮಳೆಗೆ ತಾಪಮಾನವೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಬಿದ್ದ ನೀರಿಗೆ ಹೋಗಲು ದಾರಿ ಇರಲಿಲ್ಲ ಎಂಬುದಂತೂ ನಿಜ. ವಿಹಾರ್ ಮತ್ತು ಪೊವಾಯಿ ಕೆರೆಗಳ ಕೋಡಿ ನೀರನ್ನು ಹೊತ್ತು ಮಾಹಿಮ್ ಅಳಿವೆಯಲ್ಲಿ ಸಮುದ್ರ ಸೇರುವ ಮಿಠಿ ಒಂದು ನದಿ ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಾದದ್ದೇ ಅಂದು. ಅಲ್ಲಿಯವರೆಗೆ ಅದು ನಮಗೆ ಒಂದು ದೊಡ್ಡ ನಾಲೆ. ಅದರ ದಡ ಕಿರಿದಾಗಿತ್ತು, ಕಾಂಡ್ಲಾ ಕಾಡು ಇದ್ದ ಕಡೆ ಮಣ್ಣು ತುಂಬಿತ್ತು, ಚರಂಡಿಗಳ ಬಾಯಿಗೆ ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಂಡಿದ್ದವು. ಮಳೆ ಆಕಾಶದಿಂದ ಬಂತು, ನಿಜ. ಕಸ ಬಂದದ್ದು ನಮ್ಮ ಮನೆಗಳಿಂದ.

ಈ ಬಿಸಿಯ ಮತ್ತು ಈ ಮಳೆಯ ಪಾಲು ಎಲ್ಲರಿಗೂ ಒಂದೇ ಅಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವ ಬಾಯಿ ನಾಲೆಯ ಪಕ್ಕದ ವಸ್ತಿಯಲ್ಲಿದ್ದಾಳೆ. ಜೂನ್ ಬಂತೆಂದರೆ ಹಾಸಿಗೆ, ರೇಷನ್ ಕಾರ್ಡು, ಮಕ್ಕಳ ಪುಸ್ತಕ ಎಲ್ಲ ಅಟ್ಟಕ್ಕೆ ಏರುತ್ತವೆ. ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗೆ ರಾತ್ರಿಯೂ ನಿದ್ದೆ ಇಲ್ಲ. ಅವಳ ಮನೆಯಲ್ಲಿ ಏಸಿ ಇಲ್ಲ, ಕಾರಿಲ್ಲ, ಫ್ರಿಜ್ ಕೂಡ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗಾಗಿದೆ. ನನ್ನ ದೃಷ್ಟಿಯಲ್ಲಿ ಪರಿಸರ ಎಂದರೆ ಮೊದಲು ಈ ನ್ಯಾಯದ ಪ್ರಶ್ನೆ. ಮರ ಗಿಡದ ಮಾತು ಆಮೇಲೆ.

ಹಾಗಾದರೆ ನಾವೇನು ಮಾಡಬಹುದು? ಭೂಮಿ ಬಿಸಿಯಾಗುತ್ತಿರುವುದು ಬಹುಪಾಲು ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಗ್ಯಾಸ್ ಉರಿಸುವುದರಿಂದ. ಅದನ್ನು ಸರಕಾರಗಳು, ದೊಡ್ಡ ಉದ್ದಿಮೆಗಳು ನಿಲ್ಲಿಸಬೇಕು. ನಾನು ಒಂದು ದೀಪ ಆರಿಸಿದರೆ ಜಗತ್ತು ತಣ್ಣಗಾಗುತ್ತದೆ ಎಂಬ ಭ್ರಮೆ ನನಗಿಲ್ಲ. ಆದರೆ ಪೂರ್ತಿ ನಮ್ಮ ಕೈಯಲ್ಲೇ ಇರುವ ಒಂದು ವಸ್ತು ಇದೆ, ನಮ್ಮ ಅಡಿಗೆಮನೆಯ ಹಸಿ ಕಸ.

ನನ್ನ ತವರಿನಲ್ಲಿ ಕಸಕ್ಕೊಂದು ವಿಳಾಸ ಇತ್ತು. ಬಾಳೆಕಾಯಿ ಸಿಪ್ಪೆ ಹಟ್ಟಿಗೆ, ಅಕ್ಕಿ ತೊಳೆದ ನೀರು ದನದ ಬಾನಿಗೆ, ಉಳಿದದ್ದು ಗೊಬ್ಬರದ ಗುಂಡಿಗೆ, ಅಲ್ಲಿಂದ ಅಡಿಕೆ ಬುಡಕ್ಕೆ. ಫ್ಲ್ಯಾಟಿಗೆ ಬಂದ ಮೇಲೆ ಅದೇ ಸಿಪ್ಪೆಗೆ ವಿಳಾಸ ಇಲ್ಲದಂತಾಯಿತು. ಚೀಲಕ್ಕೆ ಹಾಕಿ ಗಂಟು ಕಟ್ಟಿ ಬಾಗಿಲ ಹೊರಗಿಟ್ಟರೆ ಮುಗಿಯಿತು. ಆದರೆ ಅದು ಮುಗಿಯುವುದಿಲ್ಲ. ಗುಡ್ಡದಂತೆ ರಾಶಿ ಬಿದ್ದ ಕಸದ ಅಡಿಯಲ್ಲಿ, ಗಾಳಿ ಸಿಗದೆ ಕೊಳೆತು ಮೀಥೇನ್ ಅನಿಲವಾಗುತ್ತದೆ. 2016ರ ಜನವರಿಯಲ್ಲಿ ದೇವನಾರ್ ಕಸದ ಗುಡ್ಡಕ್ಕೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆ ಕವಿದದ್ದು ನಿಮಗೆ ನೆನಪಿರಬಹುದು. ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಮೀಥೇನ್, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು ಎಂಬತ್ತು ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ.

ಇದರಲ್ಲೇ ಒಂದು ಸಮಾಧಾನವೂ ಇದೆ. ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಶತಮಾನಗಳ ಕಾಲ ಉಳಿಯುತ್ತದೆ. ಮೀಥೇನ್ ಸುಮಾರು ಹನ್ನೆರಡು ವರ್ಷಗಳಲ್ಲಿ ಕರಗಿಹೋಗುತ್ತದೆ. ಅಂದರೆ ಇಂದು ನಾವೆಲ್ಲ ಸೇರಿ ಮೀಥೇನ್ ಕಡಿಮೆ ಮಾಡಿದರೆ ಅದರ ಫಲ ನಮ್ಮ ಮೊಮ್ಮಕ್ಕಳು ಕಾಲೇಜು ಸೇರುವ ಹೊತ್ತಿಗೇ ಸಿಗುತ್ತದೆ.

ನಮ್ಮ ಸೊಸೈಟಿಯಲ್ಲಿ ನಲವತ್ತೆಂಟು ಮನೆಗಳಿವೆ. ಗೊಬ್ಬರದ ತೊಟ್ಟಿ ಮಾಡೋಣ ಎಂದಾಗ "ವಾಸನೆ ಬರುತ್ತದೆ, ಇಲಿ ಬರುತ್ತವೆ, ಯಾರು ನೋಡಿಕೊಳ್ಳುವುದು?" ಎಂದು ಮೂರು ಮೀಟಿಂಗ್ ಕಳೆದವು. ವಾಸನೆ ಬರುವುದು ನೀರು ಹೆಚ್ಚಾಗಿ ಗಾಳಿ ಆಡದಿದ್ದಾಗ. ಒಂದು ಪದರ ಹಸಿ ಕಸ, ಅದರ ಮೇಲೆ ಒಂದು ಪದರ ಒಣ ಎಲೆ, ವಾರಕ್ಕೆರಡು ಸಲ ಮಗುಚುವುದು, ಇಷ್ಟೇ ಗುಟ್ಟು. ಹಿಂದೆ ಅಂಗಳದ ಮೂಲೆಯಲ್ಲಿ ಸುಟ್ಟು ಹೊಗೆ ಎಬ್ಬಿಸುತ್ತಿದ್ದ ಎಲೆಗಳೇ ಈಗ ನಮಗೆ ಸಾಲುವುದಿಲ್ಲ. ಎರಡು ಎರಡೂವರೆ ತಿಂಗಳಿಗೆ ಕಪ್ಪು ಗೊಬ್ಬರ ಸಿಗುತ್ತದೆ. ಮಳೆಗಾಲದ ಮಣ್ಣಿನ ವಾಸನೆ ಅದಕ್ಕೆ.

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಸಭೆಯಲ್ಲಿರುವ ಗಂಡಸರೂ ಕೇಳಿಸಿಕೊಳ್ಳಲಿ. ಓಲಾ ಕಚರಾ, ಸುಕಾ ಕಚರಾ ಬೇರೆ ಮಾಡುವುದು ಮನೆಯ ಹೆಂಗಸಿನ ಹೊಸ ಕೆಲಸ ಆಗಬಾರದು. ಈಗಾಗಲೇ ಅವಳ ದಿನಚರಿ ತುಂಬಿ ತುಳುಕುತ್ತಿದೆ. ಸಾಲುಮರದ ತಿಮ್ಮಕ್ಕನವರನ್ನು ನಾವು ಪ್ರತಿ ವರ್ಷ ನೆನೆಯುತ್ತೇವೆ. ಹುಲಿಕಲ್ ಮತ್ತು ಕೂದೂರಿನ ನಡುವೆ ಅವರು ಆಲದ ಸಾಲು ಬೆಳೆಸಿದಾಗ ಪತಿ ಚಿಕ್ಕಯ್ಯನವರೂ ಜೊತೆಗೆ ಕೊಡ ಹೊತ್ತಿದ್ದರು. ನೆಡುವುದು ಒಂದು ದಿನದ ಕೆಲಸ, ನೀರು ಹೊರುವುದು ವರ್ಷಗಳ ಕೆಲಸ. ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವ ನಾವು ಅವರಿಂದ ಕಲಿಯಬೇಕಾದದ್ದು ಈ ಕೊಡ ಹೊರುವ ಭಾಗವನ್ನು.

ಕೊನೆಯದಾಗಿ ನಮ್ಮ ಸಂಘದಿಂದಲೇ ಮೂರು ಕೆಲಸ ಆಗಲಿ ಎಂದು ನನ್ನ ವಿನಂತಿ. ಒಂದು, ನವೆಂಬರಿನ ರಾಜ್ಯೋತ್ಸವದ ಊಟಕ್ಕೆ ಬಾಳೆಲೆ ಅಥವಾ ಸ್ಟೀಲ್ ತಟ್ಟೆ ಇರಲಿ. ಪುಟ್ಟ ಪುಟ್ಟ ನೀರಿನ ಬಾಟಲಿಗಳ ಬದಲು ದೊಡ್ಡ ಕ್ಯಾನು, ಸ್ಟೀಲ್ ಲೋಟ ಸಾಕು. ಎರಡು, ಅತಿಥಿಗಳಿಗೆ ಪ್ಲಾಸ್ಟಿಕ್ ಸುತ್ತಿದ ಹೂಗುಚ್ಛ ಬೇಡ, ಅರಿಶಿನ ಕುಂಕುಮಕ್ಕೆ ಪ್ಲಾಸ್ಟಿಕ್ ಡಬ್ಬಿಯೂ ಬೇಡ. ಒಂದು ಕನ್ನಡ ಪುಸ್ತಕ ಕೊಡೋಣ, ಒಂದು ಬಟ್ಟೆಯ ಚೀಲ ಕೊಡೋಣ. ಮೂರು, ಮಹಿಳಾ ವಿಭಾಗದಿಂದ ನಾಲ್ಕು ಜನ ತಯಾರಾಗಿ. ನಿಮ್ಮ ಸೊಸೈಟಿಗೆ ಬಂದು ತೊಟ್ಟಿ ಮಾಡುವುದನ್ನು ನಾನೇ ತೋರಿಸಿಕೊಡುತ್ತೇನೆ. ನಾಲ್ಕು ಸೊಸೈಟಿಗಳು ಮಾಡಿ ತೋರಿಸಿದ ಮೇಲೆ ವಾರ್ಡ್ ಆಫೀಸಿಗೆ ಹೋಗಿ, "ನಮ್ಮ ಪಾಲಿನದು ನಾವು ಮಾಡಿದ್ದೇವೆ, ನಾಲೆಯ ಹೂಳು ಮಳೆಗೆ ಮೊದಲು ಏಕೆ ತೆಗೆಯಲಿಲ್ಲ?" ಎಂದು ಕೇಳುವ ಧೈರ್ಯ ನಮಗೆ ಬರುತ್ತದೆ. ಆ ಪ್ರಶ್ನೆ ಕೇಳಲು ನಾಲೆಯ ಪಕ್ಕದಲ್ಲಿರುವ ಹೆಣ್ಣುಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗೋಣ. ನಮಗಿಂತ ಮೊದಲು ನೀರು ನುಗ್ಗುವುದು ಅವರ ಮನೆಗೆ.

ಹೆಸರು ಕೊಡುವವರು ಚಹಾದ ಹೊತ್ತಿಗೆ ನನ್ನ ಹತ್ತಿರ ಬನ್ನಿ.