ಊರಿನ ಭಾಂಡೆ, ಊರಿನ ತಿಪ್ಪೆ

(ಅನಂತಪುರದ ರೈತರ ಕೂಟದಲ್ಲಿ ಗ್ರಾಮಸೇವಕರು ಆಡಿದ ಮಾತು)



ನಾನು ನಿಮ್ಮಲ್ಲಿಗೆ ಬರುವುದು ಸಾಮಾನ್ಯವಾಗಿ ಬೀಜ, ಗೊಬ್ಬರ, ಔಷಧಿಗಳ ಮಾತು ಹೊತ್ತುಕೊಂಡು. ಇಂದೂ ಗೊಬ್ಬರದ ಮಾತೇ ಇದೆ. ಆದರೆ ಇಂದಿನ ಮಾತು ಅಡಿಗೆಮನೆಯಿಂದ ಹೊರಡುತ್ತದೆ. ಆದಕಾರಣ ಹಿಂದೆ ಕುಳಿತಿರುವ ತಾಯಂದಿರು ದಯವಿಟ್ಟು ಮುಂದೆ ಬಂದು ಕೂಡಬೇಕು. ಈ ವಿಷಯದಲ್ಲಿ ನನಗಿಂತಲೂ, ಈ ಗಂಡಸರಿಗಿಂತಲೂ ನಿಮಗೆ ಹೆಚ್ಚು ಗೊತ್ತು.

1952ರ ಅಕ್ಟೋಬರ್ 2ರಂದು ನಮ್ಮ ದೇಶದಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಮೊದಲಾಯಿತು. ಆಗಿನ ಗ್ರಾಮಸೇವಕರಿಗೆ ವಹಿಸಿದ್ದ ಕೆಲಸಗಳಲ್ಲಿ ತಿಪ್ಪೆಗೆ ಗುಂಡಿ ತೋಡಿಸುವುದೂ ಒಂದು. ಬಯಲಿನಲ್ಲಿ ಗುಡ್ಡೆ ಹಾಕಿದ ತಿಪ್ಪೆ ಬಿಸಿಲಿಗೆ ಒಣಗಿ, ಮಳೆಗೆ ತೊಳೆದುಹೋಗಿ, ಹೊಲಕ್ಕೆ ಹೋಗುವ ಹೊತ್ತಿಗೆ ಅದರಲ್ಲಿ ಅರ್ಧ ಸತ್ವವೂ ಉಳಿಯುತ್ತಿರಲಿಲ್ಲ. ಆದ್ದರಿಂದ ಅವರು ಮನೆಮನೆಗೆ ಹೋಗಿ ಗುಂಡಿ ತೋಡಿರೆಂದು ಬೇಡಿಕೊಂಡರು. ಆದರೆ ಅವರಿಗೆ ಒಂದು ಚಿಂತೆ ಇರಲಿಲ್ಲ. ಆಗ ತಿಪ್ಪೆಗೆ ಬೀಳುತ್ತಿದ್ದುದು ಸಗಣಿ, ಗಂಜಲ ನೆನೆದ ಮೇವು, ಬೂದಿ, ಹೊಟ್ಟು, ಕಾಯಿಪಲ್ಯದ ಸಿಪ್ಪೆ. ಎಲ್ಲವೂ ಕೊಳೆಯುವ ವಸ್ತುವೇ.

ಇಂದು ನೀವು ನಿಮ್ಮ ತಿಪ್ಪೆಗೆ ಸಲಿಕೆ ಹಾಕಿ ನೋಡಿರಿ. ಚಹಾದ ಲೋಟ, ಗುಟಕಾ ಚೀಟಿ, ಶಾಂಪೂ ಚೀಟಿ, ಹಾಲಿನ ಪಾಕೀಟು, ಹರಿದ ನೈಲಾನ್ ಸೀರೆಯ ಚೂರು ಸಲಿಕೆಗೆ ಸಿಕ್ಕಿಕೊಂಡು ಬರುತ್ತವೆ. ಅವೆಲ್ಲ ಗೊಬ್ಬರದ ಜೊತೆ ಗಾಡಿ ಏರಿ ಹೊಲಕ್ಕೆ ಹೋಗುತ್ತವೆ. ನಮ್ಮ ಎರೆಮಣ್ಣಿನಲ್ಲಿ ಹೂತುಕೊಂಡ ಹಾಳೆ ನೀರನ್ನು ತಡೆಯುತ್ತದೆ, ಬೇರನ್ನು ತಡೆಯುತ್ತದೆ, ಎಷ್ಟು ವರುಷ ಕಳೆದರೂ ಮಣ್ಣಾಗುವುದಿಲ್ಲ. ಅನ್ನ ಉಳಿಯಿತೆಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದರೆ ಆಕಳು ಗಂಟು ಬಿಚ್ಚುವುದಿಲ್ಲ, ಚೀಲದ ಸಮೇತ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಕರಗದು, ಸಗಣಿಯಲ್ಲಿ ಬಾರದು. ವರುಷಗಟ್ಟಲೆ ಕೂಡಿ ಕೂಡಿ ಮೇವಿಗೆ ಜಾಗವೇ ಇಲ್ಲದಂತಾಗುತ್ತದೆ. ಕೊನೆಗೆ ಪಶುವೈದ್ಯರು ಹೊಟ್ಟೆ ಕೊಯ್ದು ತೆಗೆಯಬೇಕು. ಹಳ್ಳಕ್ಕೆ ಎಸೆದರೆ ಹೋಯಿತೆನ್ನುವವರಿದ್ದಾರೆ. ಈ ಸೀಮೆಯ ಹಳ್ಳಗಳ ನೀರೆಲ್ಲ ಕೊನೆಗೆ ಕೂಡುವುದು ಕೃಷ್ಣೆಯನ್ನು. ಹೊಳೆದಂಡೆಯಲ್ಲಿ ನಿಮ್ಮ ಬೀಗರಿದ್ದಾರೆ. ಅವರು ಅದೇ ನೀರನ್ನು ಕುಡಿಯುತ್ತಾರೆ.

ಇಷ್ಟೆಲ್ಲ ಕಸ ಒಮ್ಮೆಲೆ ಬೀಳುವುದು ಯಾವಾಗ? ಮದುವೆಯಲ್ಲಿ. ಸ್ವಲ್ಪ ಲೆಕ್ಕ ಮಾಡೋಣ. 500 ಜನ ಉಣ್ಣುವ ಮದುವೆ ಎನ್ನಿರಿ. ಒಬ್ಬರಿಗೆ ಒಂದು ಎಸೆಯುವ ತಾಟು, ಗೋಧಿ ಹುಗ್ಗಿಗೆ ಒಂದು ಬಟ್ಟಲು, ನೀರಿಗೆ ಒಂದು ಲೋಟ, ಚಹಾಕ್ಕೆ ಒಂದು ಲೋಟ. ಅಲ್ಲಿಗೆ 2000 ವಸ್ತುಗಳಾದವು. ಅರ್ಧ ತಾಸಿನ ಉಪಯೋಗ, ಆಮೇಲೆ ಹಂದರದ ಹಿಂದೆ ರಾಶಿ. ಗಾಳಿಗೆ ಹಾರಿದ್ದು ಹಾರಿತು, ಉಳಿದುದಕ್ಕೆ ಬೆಂಕಿ. ಆ ಹೊಗೆಯನ್ನು ಮದುಮಕ್ಕಳೂ ಕುಡಿಯುತ್ತಾರೆ, ನೆರೆಮನೆಯ ಬಾಣಂತಿಯೂ ಕುಡಿಯುತ್ತಾಳೆ.

ಇದಕ್ಕೆ ಕಾನೂನು ಇಲ್ಲವೆಂದಲ್ಲ. ಕರ್ನಾಟಕ ಸರಕಾರ 2016ರಲ್ಲಿಯೇ ಇಂಥ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತು. ದೇಶಕ್ಕೆಲ್ಲ ಅನ್ವಯಿಸುವಂತೆ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಾಟು, ಲೋಟ, ಚಮಚೆಗಳು ನಿಂತುಹೋಗಬೇಕಾಗಿತ್ತು. ಕಾಗದದ ಲೋಟ ತಂದರೆ ದೋಷವಿಲ್ಲವೆಂದು ತಿಳಿದವರು ಬಹಳ. ಅದನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಉಗುರಿನಿಂದ ಕೆರೆದು ನೋಡಿರಿ. ಒಳಗಿನಿಂದ ತೆಳ್ಳನೆಯ ಪೊರೆ ಬಿಟ್ಟು ಬರುತ್ತದೆ. ಅದೇ ಪ್ಲಾಸ್ಟಿಕ್. ಆ ಪೊರೆ ಇರುವುದರಿಂದಲೇ ಚಹಾ ಸೋರುವುದಿಲ್ಲ.

ನಮ್ಮ ಹಿರಿಯರು ಮದುವೆ ಮಾಡಲಿಲ್ಲವೆ? ಮುತ್ತುಗದ ಎಲೆಯ ಪತ್ರಾವಳಿಯಲ್ಲಿ ಉಣಿಸಿದರು. ಉಂಡೆದ್ದ ಪತ್ರಾವಳಿ ತಿಪ್ಪೆಗೆ ಹೋಗಿ ಮುಂದಿನ ಮುಂಗಾರಿಗೆ ಗೊಬ್ಬರವಾಯಿತು. ಕೊಪ್ಪರಿಗೆ, ಹಂಡೆ, ಪರಾತಗಳನ್ನು ಗುಡಿಯಿಂದಲೋ ದೊಡ್ಡ ಮನೆಯಿಂದಲೋ ಕಡ ತಂದರು. ಒಂದೊಂದರ ಮೇಲೂ ಕೊಟ್ಟವರ ಹೆಸರು ಕೊರೆದಿರುತ್ತಿತ್ತು. ಈಗಲೂ ಅನೇಕ ಗುಡಿಗಳ ಕೋಣೆಯಲ್ಲಿ ಅಂಥ ಭಾಂಡೆಗಳಿವೆ. ನನ್ನ ಸೂಚನೆ ಇಷ್ಟೇ: ಊರಿಗೊಂದು ಭಾಂಡೆಯ ಕೋಣೆಯಾಗಲಿ. 300 ಸ್ಟೀಲಿನ ತಾಟು, ಅಷ್ಟೇ ವಾಟಿ, ಅಷ್ಟೇ ಲೋಟ ಇದ್ದರೆ, ತೊಳೆತೊಳೆದು ಮೂರು ಪಂಕ್ತಿಯಲ್ಲಿ 900 ಜನರನ್ನು ಉಣಿಸಬಹುದು. ಮದುವೆ ಮಾಡಿದ ಮನೆಯವರು ಅಂದು ಎಸೆಯುವ ತಾಟಿಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಈ ಕೋಣೆಗೆ ಕೊಡಲಿ. ಕೆಲವು ಮದುವೆ ಕಳೆಯುವುದರೊಳಗೆ ಕೋಣೆ ತಾನೇ ತುಂಬುತ್ತದೆ.

ಹೀಗೆಂದ ಕೂಡಲೇ ನೀವು ಕೇಳುವ ಪ್ರಶ್ನೆಗಳು ನನಗೆ ಗೊತ್ತು. ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ.

ಮೊದಲನೆಯದು ನೀರು. ನಮ್ಮದು ಕಬ್ಬಿನ ಹೊಳೆದಂಡೆಯಲ್ಲ. ಬೇಸಿಗೆಯಲ್ಲಿ, ಅದೂ ಮದುವೆಯ ದಿನಗಳಲ್ಲಿಯೇ, ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯುವ ಊರುಗಳಿವೆ. ಹರಿಯುವ ನಳದ ಕೆಳಗೆ ತಾಟು ಹಿಡಿದರೆ ನೀರು ಎಷ್ಟಿದ್ದರೂ ಸಾಲದು. ಮೊದಲು ಎಂಜಲನ್ನು ಬಳಿದು ಒಂದು ಬಕೀಟಿಗೆ ಹಾಕಬೇಕು. ಆಮೇಲೆ ಸಾಬೂನು ನೀರಿನ ಒಂದು ಬಾನಿ, ಬರೀ ನೀರಿನ ಎರಡು ಬಾನಿ. ಕೊನೆಯ ಬಾನಿಯ ನೀರನ್ನು ಮುಂದಿನ ಪಂಕ್ತಿಗೆ ಮೊದಲ ಬಾನಿಗೆ ಸುರಿಯಬಹುದು. ಅದೂ ಆಗದಷ್ಟು ಬರವಿದ್ದರೆ ಪತ್ರಾವಳಿಯೇ ಸರಿ. ಸ್ಟೀಲಿನ ತಾಟೇ ಆಗಬೇಕೆಂಬ ಹಟ ನನ್ನದಲ್ಲ.

ಎರಡನೆಯದು, ಹೋದ ಭಾಂಡೆ ತಿರುಗಿ ಬರುತ್ತದೆಯೆ? ಬಾರದಿರುವುದೇ ಹೆಚ್ಚೆಂದು ತಾಯಂದಿರು ಹೇಳುತ್ತಾರೆ. ಒಂದು ವಾಟಿಯ ಸಲುವಾಗಿ ಎರಡು ಮನೆಗಳ ಮಾತು ನಿಂತ ಉದಾಹರಣೆ ಪ್ರತಿ ಓಣಿಯಲ್ಲೂ ಸಿಗುತ್ತದೆ. ಕೊಟ್ಟವರು ಕೇಳಲು ಸಂಕೋಚಪಡುತ್ತಾರೆ, ಒಯ್ದವರು ಮರೆಯುತ್ತಾರೆ, ಆಮೇಲೆ ಕೊಡುವುದೇ ನಿಲ್ಲುತ್ತದೆ. ಪ್ರತಿ ಮನೆಯೂ ತನ್ನದೇ ಕೊಂಡುಕೊಳ್ಳುತ್ತದೆ, ಇಲ್ಲವೆ ಎಸೆಯುವುದನ್ನು ತರುತ್ತದೆ. ಮುಯ್ಯಾಳಿನ ಪದ್ಧತಿಯನ್ನು ನೋಡಿರಿ. ಇವತ್ತು ನಾನು ನಿಮ್ಮ ಕಳೆಗೆ ಬಂದರೆ ನಾಳೆ ನೀವು ನನ್ನ ರಾಶಿಗೆ ಬರುತ್ತೀರಿ. ಅದನ್ನು ಯಾರೂ ಬರೆದಿಡುವುದಿಲ್ಲ, ಆದರೂ ನಡೆದುಕೊಂಡು ಬಂದಿದೆ, ಏಕೆಂದರೆ ಅದು ನಾಲ್ಕಾರು ಮನೆಗಳ ನಡುವಿನ ಲೆಕ್ಕ. ಇಡೀ ಊರಿನ ಭಾಂಡೆಗೆ ಬಾಯಿಲೆಕ್ಕ ಸಾಲದು. ಒಂದು ಪುಸ್ತಕ ಬೇಕು. ಎಣಿಸಿ ಕೊಡಬೇಕು, ಎಣಿಸಿ ತೆಗೆದುಕೊಳ್ಳಬೇಕು, ಕಳೆದುದಕ್ಕೆ ಬೆಲೆ ಮೊದಲೇ ಗೊತ್ತಾಗಿರಬೇಕು. ಗೌಡರ ಮನೆಯಾದರೂ ಅಷ್ಟೇ, ಕೂಲಿಯವರ ಮನೆಯಾದರೂ ಅಷ್ಟೇ. ಪುಸ್ತಕವಿದ್ದರೆ ಕೇಳುವವರಿಗೂ ಸಂಕೋಚವಿಲ್ಲ, ಕೇಳಿಸಿಕೊಂಡವರಿಗೂ ಅವಮಾನವಿಲ್ಲ. ಇದನ್ನು ಮಹಿಳೆಯರ ಸ್ವಸಹಾಯ ಸಂಘದವರು ಹಿಡಿದರೆ ಒಳ್ಳೆಯದು. ತಿಂಗಳು ತಿಂಗಳು ಉಳಿತಾಯದ ಲೆಕ್ಕ ಬರೆಯುವವರಿಗೆ ತಾಟಿನ ಲೆಕ್ಕ ಯಾವ ಲೆಕ್ಕ!

ಮೂರನೆಯ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ನಾನೇ ಕೇಳುತ್ತೇನೆ. ಈ ತಾಟು ಕೇರಿಯ ಮದುವೆಗೂ ಹೋಗುತ್ತದೆಯೆ? ಅಲ್ಲಿ ಉಂಡ ತಾಟಿನಲ್ಲಿ ನಾಳೆ ಊರೊಳಗಿನ ಬೀಗರು ಉಣ್ಣುತ್ತಾರೆಯೆ? ಹೌದು, ಹೋಗಬೇಕು, ಉಣ್ಣಬೇಕು. ಇಲ್ಲದಿದ್ದರೆ ಅದನ್ನು ಊರಿನ ಭಾಂಡೆ ಎಂದು ಕರೆಯುವುದು ಬೇಡ. ಹೋಟೆಲು, ಧರ್ಮಶಾಲೆಗಳಲ್ಲಿ ಎಲ್ಲರಿಗಾಗಿ ಇಟ್ಟ ಪಾತ್ರೆಗಳನ್ನು ಅಸ್ಪೃಶ್ಯತೆಯ ನೆಪದಿಂದ ಒಬ್ಬರಿಗೆ ನಿರಾಕರಿಸುವುದನ್ನು 1955ರ ಕಾಯ್ದೆಯೇ ಅಪರಾಧವೆಂದು ಹೇಳಿದೆ. ಕಾಯ್ದೆಯ ಮಾತು ಬಿಡಿರಿ. ನೀವು ಪೇಟೆಗೆ ಹೋದಾಗ ಖಾನಾವಳಿಯ ತಾಟಿನಲ್ಲಿ ಮೊದಲು ಯಾರು ಉಂಡರೆಂದು ಕೇಳಿ ಉಣ್ಣುತ್ತೀರಾ? ಎಸೆಯುವ ತಾಟು ನಮ್ಮ ಹಳ್ಳಿಗಳಲ್ಲಿ ಇಷ್ಟು ಬೇಗ ಬೇರೂರಲು ಅಗ್ಗದ ಬೆಲೆಯೊಂದೇ ಕಾರಣವಲ್ಲ, ಈ ಮುಟ್ಟು-ತಟ್ಟಿನ ಅಂಜಿಕೆಯೂ ಕಾರಣವೆಂದು ನನ್ನ ಅಭಿಪ್ರಾಯ. ಆದ್ದರಿಂದಲೇ ಕೋಣೆ ಗುಡಿಯಲ್ಲಿ ಬೇಡ, ಎಲ್ಲರೂ ಸಂಕೋಚವಿಲ್ಲದೆ ಕಾಲಿಡುವ ಪಂಚಾಯತಿಯ ಜಾಗದಲ್ಲಿರಲಿ ಎನ್ನುತ್ತೇನೆ. ಪುಸ್ತಕ ಬರೆಯುವವರಲ್ಲಿ ಕೇರಿಯ ತಾಯಿಯೊಬ್ಬಳು ಇರಲೇಬೇಕು.

ಇನ್ನು ದಿನನಿತ್ಯದ ಕಸ. ಇಲ್ಲಿ ಹೊಸದಾಗಿ ಕಲಿಸುವುದು ಬಹಳವಿಲ್ಲ. ದನವಿಲ್ಲದ ಮನೆಯ ಮುಸುರೆ ದನವಿದ್ದ ಮನೆಗೆ ಹೋಗುತ್ತಿತ್ತು, ಅಲ್ಲಿಂದ ಒಂದು ತಂಬಿಗೆ ಮಜ್ಜಿಗೆ ಈ ಮನೆಗೆ ಬರುತ್ತಿತ್ತು. ಹಾಲೆಲ್ಲ ಡೈರಿಗೆ ಹೋಗತೊಡಗಿದ ಮೇಲೆ ಮಜ್ಜಿಗೆ ನಿಂತಿತು, ಅದರ ಹಿಂದೆಯೇ ಮುಸುರೆಯೂ ನಿಂತು ಗಟಾರು ಸೇರಿತು. ಪುನಃ ಆರಂಭಿಸಬಹುದು. ಮಜ್ಜಿಗೆ ಇಲ್ಲದಿದ್ದರೆ ಎರಡು ಬುಟ್ಟಿ ಗೊಬ್ಬರ ಹಿತ್ತಿಲಿಗೆ ಬರಲಿ. ಮುಸುರೆಯಲ್ಲಿ ಸಾಬೂನು, ಪ್ಲಾಸ್ಟಿಕ್, ಹಳಸಿ ಬೂಸ್ಟು ಹಿಡಿದ ಅನ್ನ ಇರಬಾರದು. ಅನ್ನವನ್ನು ಒಮ್ಮೆಲೆ ಬಹಳ ತಿಂದರೆ ದನದ ಹೊಟ್ಟೆ ಹುಳಿಯಾಗಿ ಜೀವಕ್ಕೇ ಅಪಾಯ. ಮದುವೆಯಲ್ಲಿ ಉಳಿದ ಅನ್ನವನ್ನು ಪೂರಾ ಒಂದೇ ಎಮ್ಮೆಯ ಮುಂದೆ ಸುರಿದು ಪುಣ್ಯ ಕಟ್ಟಿಕೊಳ್ಳಲು ಹೋಗಬೇಡಿರಿ. ಹತ್ತು ಕೊಟ್ಟಿಗೆಗೆ ಹಂಚಿರಿ.

ದನವೂ ಇಲ್ಲ, ಹೊಲವೂ ಇಲ್ಲದವರು ಐದಾರು ಮನೆ ಕೂಡಿ ಒಂದು ಗುಂಡಿ ಮಾಡಬಹುದು. 1939ರಲ್ಲಿ ಬೆಂಗಳೂರಿನಲ್ಲಿ ಸಿ. ಎನ್. ಆಚಾರ್ಯ ಎಂಬ ವಿಜ್ಞಾನಿಗಳು ಒಂದು ವಿಧಾನ ಬಳಕೆಗೆ ತಂದರು. ಕಸವನ್ನು ಪದರ ಪದರವಾಗಿ ಗುಂಡಿಯಲ್ಲಿ ಹರವಿ, ಮೇಲೆ ಮಣ್ಣು ಮೆತ್ತಿ ಮುಚ್ಚಿಬಿಡುವುದು. ಮತ್ತೆ ಮತ್ತೆ ತಿರುವಿ ಹಾಕುವ, ನೀರು ಹೊಯ್ಯುವ ಕೆಲಸವಿಲ್ಲ. ಆರೆಂಟು ತಿಂಗಳಲ್ಲಿ ಗೊಬ್ಬರ ಸಿದ್ಧ. ಬೆಂಗಳೂರು ಪದ್ಧತಿ ಎಂದೇ ಹೆಸರು. ನೀರಿನ ಕೊರತೆಯಿರುವ ನಮ್ಮಂಥ ಸೀಮೆಗೆ ಇದು ಹೇಳಿ ಮಾಡಿಸಿದಂತಿದೆ.

ಬಟ್ಟೆಯ ವಿಷಯ. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಹಳೆಯ ಬಟ್ಟೆಯ ಮರುಬಳಕೆಯನ್ನು ಉಪದೇಶಿಸುವಷ್ಟು ಧೈರ್ಯ ನನಗಿಲ್ಲ. ಹುಟ್ಟಿದ ಕೂಸಿಗೆ ಹಿರಿಯರ ಮೆತ್ತನೆಯ ಹಳೇ ಬಟ್ಟೆಯನ್ನೇ ಮೊದಲು ಹೊದಿಸುತ್ತೀರಿ. ತೊಟ್ಟಿಲು ಒಂದೇ, ಅದರಲ್ಲಿ ಬೆಳೆದ ಕೂಸುಗಳು ಹತ್ತು ಮನೆಯವು. ಹಳೇ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಸಾಲುಸಾಲಾಗಿ ದಾರ ಎಳೆದು ಕೌದಿ ಹೊಲಿಯುತ್ತೀರಿ. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ತಾಯಂದಿರು ಹೊಲಿಯುವ ಕೌದಿಗಳನ್ನು ಇಂದು ದೂರದ ಪಟ್ಟಣದವರು ಹಣ ಕೊಟ್ಟು ಕೊಳ್ಳುತ್ತಿದ್ದಾರೆ. ತೊಡಕು ಬಂದಿರುವುದು ಬಟ್ಟೆಯಲ್ಲಿ. ಅರಿವೆ ಹತ್ತಿಯದಾಗಿದ್ದರೆ ಕೌದಿ ಬೆವರು ಹೀರುತ್ತದೆ, ಚಳಿಗೆ ಬೆಚ್ಚಗಿರುತ್ತದೆ. ಪಾಲಿಯೆಸ್ಟರ್ ಸೀರೆ ಹಾಗೆ ಬೆವರು ಹೀರುವುದಿಲ್ಲ. ಅದನ್ನು ಬೇರೆ ತೆಗೆದಿಡಿರಿ. ಹಂದಿ ಬರದಂತೆ ಹೊಲದ ಸುತ್ತ ಕಟ್ಟಲು, ಹೊಟ್ಟಿನ ಬಣವೆಗೆ ಹೊದಿಸಲು ಆಗುತ್ತದೆ. ಉಪಯೋಗ ಮುಗಿದ ಮೇಲೆ ಬಿಚ್ಚಿ ತರುವುದನ್ನು ಮಾತ್ರ ಮರೆಯಬಾರದು. ಆಯೇರಿಯ ಖಣಗಳ ಬಗ್ಗೆ ನಾನು ಮಾತಾಡುವುದಿಲ್ಲ. ಒಂದೇ ಖಣ ನಾಲ್ಕು ಮನೆಯ ಟ್ರಂಕು ಸುತ್ತಿ, ಮೊದಲು ಕೊಟ್ಟವರಿಗೇ ತಿರುಗಿ ಬರುವುದುಂಟು. ವಿನಿಮಯವೆಂದರೆ ಅದೇ ಎನ್ನಬೇಕು!

ಕೊಡುವಾಗ ಒಂದು ಮರ್ಯಾದೆ ಇರಲಿ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಹೊಳೆದಂಡೆಯ ಊರುಗಳು ಮುಳುಗಿದಾಗ ಉತ್ತರ ಕರ್ನಾಟಕದ ಹಳ್ಳಿಗಳು ರೊಟ್ಟಿ ಬಡಿದು ಗಂಟು ಕಟ್ಟಿ ಕಳಿಸಿದವು. ಆ ರೊಟ್ಟಿ ತಾವು ಉಣ್ಣುವ ರೊಟ್ಟಿಯೇ ಆಗಿತ್ತು. ಬಟ್ಟೆಯ ಗಂಟು ಕಟ್ಟುವಾಗ ಮಾತ್ರ ನಮ್ಮ ಕೈ ಹರಿದುದರ ಮೇಲೆಯೇ ಹೋಗುತ್ತದೆ. ತೊಳೆದು, ಗುಂಡಿ ಹಚ್ಚಿ, ಮಡಿಚಿ ಕೊಡಿರಿ. ನಿಮ್ಮ ಮಗುವಿಗೆ ತೊಡಿಸಲಾರದ್ದನ್ನು ಇನ್ನೊಬ್ಬರ ಮಗುವಿಗೆ ಕೊಡುವುದು ಬೇಡ, ಅದು ಒರೆಸುವ ಅರಿವೆಯಾಗಲಿ.

ಕೆಲವು ವಸ್ತುಗಳನ್ನು ಮಾತ್ರ ಯಾರಿಗೂ ಕೊಡಬಾರದು, ಮನೆಯೊಳಗೂ ತರಬಾರದು. ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧಿಯ ಡಬ್ಬಿ ನೋಡಲು ಚೆಂದವಿರುತ್ತದೆ, ಮುಚ್ಚಳ ಬಿಗಿಯಿರುತ್ತದೆ. ಅದರಲ್ಲಿ ನೀರು, ಎಣ್ಣೆ, ಸೀಮೆಎಣ್ಣೆ ತುಂಬುವವರನ್ನು ಕಂಡಿದ್ದೇನೆ. ಎಷ್ಟು ತೊಳೆದರೂ ವಿಷ ಪ್ಲಾಸ್ಟಿಕಿನಲ್ಲಿ ಇಂಗಿ ಉಳಿದಿರುತ್ತದೆ. ಔಷಧಿ ಬೆರೆಸುವಾಗಲೇ ಡಬ್ಬಿಯನ್ನು ಮೂರು ಸಲ ಜಾಲಾಡಿಸಿ ಆ ನೀರನ್ನು ಪಂಪಿಗೇ ಸುರಿಯಿರಿ. ಆಮೇಲೆ ಡಬ್ಬಿಗೆ ತೂತು ಹೊಡೆದು, ಮಕ್ಕಳ ಕೈಗೆ ಸಿಗದಂತೆ ಬೇರೆ ಚೀಲದಲ್ಲಿಡಿರಿ. ಸುಡಬೇಡಿರಿ, ಬಾವಿಯ ಹತ್ತಿರ ಹೂಳಬೇಡಿರಿ. ಅರ್ಧ ಉಳಿದ ಮಾತ್ರೆಗಳನ್ನು ನೆರೆಯವರಿಗೆ ಕೊಡುವುದೂ ಹೀಗೆಯೇ ತಪ್ಪು. ಇದ್ದುದರಲ್ಲಿ ಹಂಚಿಕೊಳ್ಳುವ ಪ್ರೀತಿ ಒಳ್ಳೆಯದು. ಆದರೆ ಒಬ್ಬರ ಔಷಧಿ ಇನ್ನೊಬ್ಬರಿಗೆ ವಿಷವಾಗಬಹುದು.

ಚಪ್ಪಲಿಯ ವಿಷಯ ಎರಡು ಮಾತು ಹೇಳಿ ಮುಗಿಸುತ್ತೇನೆ. ಕೊಲ್ಲಾಪುರಿ ಚಪ್ಪಲಿಯ ಭೌಗೋಳಿಕ ಗುರುತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೆ, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿದೆ. ನಮ್ಮ ಬೆಳಗಾವಿ ಅದರಲ್ಲಿ ಒಂದು, ಅಥಣಿ ಅದರ ಹೆಸರಾಂತ ಕೇಂದ್ರ. ಗಿಡದ ತೊಗಟೆಯಲ್ಲಿ ಹದಮಾಡಿದ ಚರ್ಮ, ಚರ್ಮದ ದಾರದ್ದೇ ಹೊಲಿಗೆ. ಅಟ್ಟೆ ಸವೆದರೆ ಮತ್ತೊಂದು ಅಟ್ಟೆ ಕೂಡಿಸಬಹುದು. ರಬ್ಬರಿನ ಚಪ್ಪಲಿ ಕಿತ್ತರೆ ಬೇಲಿಯ ಸಂದಿ ಸೇರುತ್ತದೆ. ಹೊಲಿದುಕೊಡುವ ಕೈಗಳು ನಮ್ಮ ನಡುವೆ ಇನ್ನೂ ಇವೆ. ಅವರಿಗೆ ಕೆಲಸ ಕೊಡಿರಿ, ಕೂಲಿಯನ್ನು ಸರಿಯಾಗಿ ಕೊಡಿರಿ.

ಮುಂದಿನ ಅಮಾವಾಸ್ಯೆಯ ದಿನ ಎತ್ತು ಹೂಡದವರೆಲ್ಲ ಸಂಜೆ ಪಂಚಾಯತಿಯ ಕಟ್ಟೆಗೆ ಬನ್ನಿರಿ. ನಾನು ಗೆರೆ ಹಾಕಿದ ಪುಸ್ತಕ ತರುತ್ತೇನೆ. ಮನೆಗೊಂದು ತಾಟು, ಒಂದು ಲೋಟ ಸಾಕು, ಹೊಸದೇ ಆಗಬೇಕೆಂದಿಲ್ಲ. ಆದರೆ ತಳ ತೂತಾಗಿರಬಾರದು. ಮೊದಲ ಪುಟದಲ್ಲಿ ಕೊಟ್ಟವರ ಹೆಸರು, ಎರಡನೆಯ ಪುಟದಿಂದ ಒಯ್ದವರ ಹೆಸರು ಬರೆಯೋಣ. ಬರುವ ಲಗ್ನಸರಾಯಿಯಲ್ಲಿ ಯಾರ ಮನೆಯಲ್ಲಿ ಮದುವೆಯಿದೆಯೋ ಅವರು ತಾರೀಖನ್ನು ಅಂದೇ ಬರೆಸಬೇಕು. ಒಂದೇ ದಿನ ಎರಡು ಮದುವೆ ಬಂದರೆ ಏನು ಮಾಡಬೇಕೆಂಬುದನ್ನೂ ಆ ದಿನವೇ ಕೂತು ಗೊತ್ತುಮಾಡಬಹುದು.